ಅರ್ಧ ಮಿಲಿಮೀಟರಿನ ದಿಬ್ಬ

ರೆಡ್ಡಿಚ್‌ನಲ್ಲಿ ಮೊದಲು ಸೂಜಿ ಮಾಡುತ್ತಿದ್ದರಂತೆ,
ಆಮೇಲೆ ಗಾಳದ ಕೊಕ್ಕೆ, ಆಮೇಲೆ ಸ್ಪ್ರಿಂಗು.
ನಾನು ಬರುವ ಹೊತ್ತಿಗೆ ಉಳಿದದ್ದು
ಆರೋ ಹೊಳೆಯ ಪಕ್ಕ ಒಂದು ತಗಡಿನ ಶೆಡ್ಡು
ಮತ್ತು ಕ್ಲೈವ್ ಪಾರ್ಗೆಟರ್:
ಎಡ ಹೆಬ್ಬೆರಳಿಗೆ ಉಗುರಿಲ್ಲ,
ಯಾರನ್ನೂ ಕೂತುಕೋ ಅನ್ನುವುದಿಲ್ಲ.

ಕೀಲಿಮಣೆ ಅನ್ನುತ್ತೇವೆ ನಾವು.
ಮಣೆ ಸುಲಭ. ಮಣಿಯುವುದೇ ಕಷ್ಟ.

ಒಟ್ಟು ಎತ್ತರ ಮೂರು ಪಾಯಿಂಟ್ ಎರಡು ಮಿಲಿಮೀಟರು;
ಎರಡು ಪೆನ್ನಿ ಒಂದರ ಮೇಲೊಂದಿಟ್ಟರೆ
ಕೂದಲೆಳೆಯಷ್ಟು ಹೆಚ್ಚಾಗಿಬಿಡುತ್ತದೆ.
ಅಷ್ಟರೊಳಗೆ ಮುಚ್ಚಳ, ಕತ್ತರಿಗಾಲು,
ಉಕ್ಕಿನ ಪುಟ್ಟ ಗುಮ್ಮಟ, ಎರಡು ಚಿನ್ನದ ಚುಕ್ಕೆ,
ಮತ್ತು ಒಂದು ದಿಬ್ಬ.

ದಿಬ್ಬವೆಂದರೆ ಗ್ರಾಫಿನ ಮೇಲಿನದು.
ಬೆರಳು ಒತ್ತುತ್ತದೆ, ಗೆರೆ ಏರುತ್ತದೆ,
ಐವತ್ತೈದು ಗ್ರಾಮಿನ ನೆತ್ತಿಯಲ್ಲಿ ಒಂದಿಷ್ಟು ಯೋಚಿಸಿ
ಕುಸಿಯುತ್ತದೆ.
ಆ ಕುಸಿತವೇ ಸರಕು, ನಾವು ಮಾರುವುದು ಅದನ್ನೇ.
ಏರು ಬರೀ ಪೀಠಿಕೆ.

ಹನ್ನೊಂದು ನಮೂನೆ ಸತ್ತವು.
ಒಂದು ಹಸಿ ರೊಟ್ಟಿಯ ಹಾಗೆ ಒಳಗೇ ಕುಗ್ಗಿತು.
ಒಂದು ಎಪ್ಪತ್ತು ಸಾವಿರ ಒತ್ತಿಗೆ ಬಿರುಕು ಬಿಟ್ಟಿತು.
ಏಳನೆಯದರ ಸುದ್ದಿ ಬೇಡ.
ಕ್ಲೈವ್ ಪ್ರತಿಸಲವೂ ಗುಮ್ಮಟವನ್ನು ಹಲ್ಲಿನ ನಡುವೆ ಇಟ್ಟು
ಮೆಲ್ಲಗೆ ಕಚ್ಚುತ್ತಿದ್ದ, ಕಣ್ಣು ಮುಚ್ಚಿ.
ದವಡೆಗೆ ಸುಳ್ಳು ಗೊತ್ತಾಗುತ್ತದೆ, ಅನ್ನುತ್ತಿದ್ದ.

ನನಗೆ ಗೊತ್ತಿದ್ದ ದಿಬ್ಬ ಒಂದೇ,
ನೆನೆಸಿದ ಅವರೆಕಾಳು.
ಎರಡು ಬೆರಳ ನಡುವೆ ಸಿಪ್ಪೆ ಹಟ ಹಿಡಿದು, ಹಿಡಿದು,
ತಟ್ಟನೆ ಬಿಟ್ಟುಕೊಟ್ಟಿತೋ
ಬೇಳೆ ಪುಳಕ್ಕನೆ ಎದುರಿನವಳ ಕೆನ್ನೆಗೆ.
ನಾಲ್ವರು ಅಕ್ಕತಂಗಿಯರು ಸೇರುಗಟ್ಟಲೆ ಹಿದುಕುತ್ತಿದ್ದೆವು,
ಊರವರ ಮದುವೆ ಮುರಿಯುತ್ತ, ಕೂಡಿಸುತ್ತ,
ಕೈ ಕಡೆ ನೋಡದೆ.
ನೋಡದೆ, ಅದೇ ಮುಖ್ಯ.

ಬರ್ಮಿಂಗ್‌ಹ್ಯಾಮಿನ ಗುಜರಾತಿ ಅಂಗಡಿಯಿಂದ ಅವರೆ ತಂದು
ರಾತ್ರಿ ನೆನೆಹಾಕಿ, ಬೆಳಿಗ್ಗೆ
ಬಲ ಅಳೆಯುವ ಯಂತ್ರದ ಅಡಿಗೆ ಇಟ್ಟೆ.
ಇದೇನು, ಪ್ರಯೋಗವೋ ತಿಂಡಿಯೋ? ಕ್ಲೈವ್ ಕನ್ನಡಕ ಏರಿಸಿದ.
ಗೆರೆ ಏರಿತು. ಕುಸಿಯಿತು.
ಬೇಳೆ ಹಾರಿ ಅವನ ಚಹಾಕ್ಕೆ ಬಿತ್ತು.
ಕುಸಿತ ಶೇಕಡ ನಲವತ್ತು!
ನಮ್ಮ ಹನ್ನೊಂದರಲ್ಲಿ ಯಾವುದೂ ಇಪ್ಪತ್ತು ದಾಟಿರಲಿಲ್ಲ.

ಹನ್ನೆರಡನೆಯದು ಟಿಕ್ ಅಂದಿತು.
ಮಗುವಿನ ಮೊದಲ ಹಲ್ಲು ಲೋಟಕ್ಕೆ ತಾಗಿದ ಹಾಗೆ.
ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಜನಿಸ್ ಟಿಬೆಟ್ಸ್ ಆಂಬುಲೆನ್ಸ್ ಫೋನಿನ ರಾತ್ರಿಪಾಳಿಯವಳು.
ಮೂರು ರಾತ್ರಿ ಬಳಸಿ ನೋಡಿ,
ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ವಾಪಸು ತಂದಳು.
ಬೆರಳಿಗೆ ಹಬ್ಬ, ಅಂದಳು. ಆದರೆ ಗುರುವಾರ ಒಬ್ಬಳು,
ಗಂಡ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದಾನೆ,
ನಾನು ವಿಳಾಸ ಒತ್ತುತ್ತಿದ್ದೇನೆ,
ಅವಳಂದಳು: ಟೈಪು ಮಾಡುವುದು ಬಿಡು,
ನಾನು ಹೇಳುವುದು ಕೇಳು.

ಯಂತ್ರ ತಾನೇ ತಾನಾಗಿ ಒಂದೆರಡು ಸಲ ಒತ್ತಿತು.

ನನಗೆ ಗೊತ್ತಾಗಬೇಕು, ಅವಳಿಗೆ ಗೊತ್ತಾಗಬಾರದು.
ಅಂಥದ್ದು ಮಾಡ್ತೀಯಾ?

ಗುಮ್ಮಟದ ನೆತ್ತಿಗೆ ಒಂದು ರಂಧ್ರ,
ಒಳಗಿನ ಗಾಳಿ ಜಗಳವಾಡದೆ ಹೊರಗೆ ಹೋಗಲಿ ಎಂದು.
ನಾಲ್ಕು ಕಾಲಿಗೂ ಸಾಸಿವೆಯಷ್ಟು ಸಿಲಿಕೋನು.
ಇಷ್ಟು ಬರೆಯಲು ಎರಡು ಸಾಲು; ಮಾಡಲು ಎಂಟು ತಿಂಗಳು.
ಕ್ಲೈವ್ ಕಚ್ಚಿದ, ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.
ದವಡೆಗೆ ಕೇಳಿಸಿತು, ಅಂದ. ಕಿವಿಗೆ ಇಲ್ಲ.

ಆ ಗಂಡ ಬದುಕಿದನೇ ಎಂದು ಜನಿಸ್‌ಳನ್ನು ಕೇಳಿದೆ.
ನಮಗೆ ಬಾಗಿಲು ತೆಗೆಯುವವರೆಗೆ ಮಾತ್ರ ಕೇಳಿಸುತ್ತದೆ, ಅಂದಳು,
ಆಮೇಲೆ ಲೈನು ಬೇರೆಯವರದು.

ವಾರದ ಮೇಲೆ ಕ್ಲೈವನ ಬಿಲ್ಲು ಬಂತು, ಪೆನ್ಸಿಲಿನಲ್ಲಿ:
ಗುಮ್ಮಟ ನಾನೂರು,
ರಂಧ್ರ ನಾನೂರು,
ಚಹಾ ಒಂದು.